ಸಿ ತಂತಿಯ ಕೆಳಗಿನ ಸ್ವರ

“ಇನ್ನೊಂದ್ಸಲ ಹಾಕು,” ಎಂದೆ.

“ಎಷ್ಟ್ ಸಲ ಕೇಳ್ತೀರಿ ಆಂಟಿ?” ಬಸುರಿ ಹುಡುಗಿ ದಿಂಬಿಗೆ ಒರಗಿಕೊಂಡೇ ಮೊಬೈಲಿಗೆ ಕೈ ಚಾಚಿದಳು. “ನಂಗಂತೂ ಬಾಯಿಪಾಠ ಆಗಿಹೋಗಿದೆ.”

“ನಿಂಗೆ ಬಾಯಿಪಾಠ. ನನ್ನ ಕಿವಿ ಹಳೇದು, ನಿಧಾನಕ್ಕೆ ಇಳಿಯುತ್ತೆ. ಹಾಕಮ್ಮ.”

ಅವಳು ಒತ್ತಿದಳು. ಮಾತಿಲ್ಲ, ಕೆಮ್ಮಿಲ್ಲ, ಬರೀ ಯುಕುಲೇಲೆ, ಆ ಪುಟ್ಟ ಗಿಟಾರು. ಅದೇ ತುಣುಕು. ನಾಲ್ಕು ತಂತಿಗಳ ಮೇಲೆ ಹತ್ತಿ ಇಳಿದು, ಇನ್ನೇನು ಮುಗಿಯಿತು ಅನ್ನುವಾಗ ನಡುದಾರಿಯಲ್ಲೇ ನಿಂತುಬಿಡುತ್ತದೆ.

ಈ ಹುಡುಗಿಯ ತಾಯಿ, ನಮ್ಮ ಯುಕುಲೇಲೆ ಟೀಚರ್, ಮನೆ ಬಿಟ್ಟು ಹೋಗಿ ತಿಂಗಳುಗಳೇ ಕಳೆದಿದ್ದವು. ಅಪರಿಚಿತ ನಂಬರಿನಿಂದ ಮಗಳ ಮೊಬೈಲಿಗೆ ಬಂದ ಎರಡು ಧ್ವನಿಮುದ್ರಣ ಬಿಟ್ಟರೆ ಅವರ ಸುಳಿವೇ ಇರಲಿಲ್ಲ. ತಿರುಗಿ ಕರೆದರೆ ಆ ನಂಬರು ಸದಾ ಸ್ವಿಚ್ ಆಫ್.

“ಅಮ್ಮನೇ ಅಲ್ವಾ ಆಂಟಿ?” ಹುಡುಗಿ ಕೇಳಿದಳು. ಬೆಳಿಗ್ಗೆಯಿಂದ ಇದು ಎಷ್ಟನೇ ಸಲವೋ. “ಈ ಟ್ಯೂನ್ ಅಮ್ಮಂದು. ಇನ್ಯಾರು ನುಡಿಸ್ತಾರೆ?”

ಡಾಕ್ಟರು ಅವಳಿಗೆ ಮಂಚ ಬಿಟ್ಟು ಇಳಿಯಬೇಡ ಎಂದಿದ್ದರು. ರಕ್ತದೊತ್ತಡ ಏರಿದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ. ಗಂಡ ಕೆಲಸಕ್ಕೆ ಹೋಗಿದ್ದ. ಕಿಟಕಿಯ ಕಟ್ಟೆಯ ಮೇಲೆ ಅವಳು ಅರ್ಧಕ್ಕೆ ಬಿಟ್ಟ ಕೆಲಸ ಧೂಳು ತಿನ್ನುತ್ತಿತ್ತು: ಪ್ಲಾಸ್ಟರಿನ ದವಡೆಗಳು, ಅವುಗಳ ಮೇಲೆ ಗುಲಾಬಿ ಮೇಣದಲ್ಲಿ ನಿಲ್ಲಿಸಿದ ಹಲ್ಲುಗಳು. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವುದು ಅವಳ ಕಸುಬು.

ತಾಯಿ ಹೋದದ್ದು ಈ ಟ್ಯೂನಿನ ಜಗಳಕ್ಕೇ. ಬಸುರಿನ ವಾಂತಿ, ತಲೆಸುತ್ತು, ಅದರ ಮೇಲೆ ಪಕ್ಕದ ಕೋಣೆಯಲ್ಲಿ ದಿನವಿಡೀ ಮುಗಿಯದ ಟ್ಯೂನು. “ನಿನ್ನ ಹಾಳು ಟ್ಯೂನ್ ಕಟ್ಕೊಂಡು ಎಲ್ಲಾದ್ರೂ ಹೋಗು, ನನ್ನ ಕಣ್ಮುಂದೆ ಇರಬೇಡ” ಎಂದು ಮಗಳು ಚೀರಿದ್ದಳು. ತಾಯಿ ಹಸಿರು ಕೋಟು ತೊಟ್ಟು, ಕೈಚೀಲ ಹಾಗೂ ಚಿಕ್ಕ ಯುಕುಲೇಲೆ ಹಿಡಿದು ಹೊರಟುಬಿಟ್ಟರು. ಮಗಳು ಅಂದಿನಿಂದ ಆ ಮಾತನ್ನೇ ಅಗಿಯುತ್ತಿದ್ದಾಳೆ. ಬೇರೆ ಏನನ್ನೂ ಸರಿಯಾಗಿ ತಿನ್ನುತ್ತಿರಲಿಲ್ಲ, ಮೊದಲ ಧ್ವನಿಮುದ್ರಣ ಬರುವ ತನಕ.

ನಾನು ಪೊಲೀಸ್ ಕೆಲಸದಿಂದ ನಿವೃತ್ತಳಾದವಳು. ಈಗ ಖಾಸಗಿಯಾಗಿ ಹುಡುಕಾಟದ ಕೆಲಸ ಮಾಡುತ್ತೇನೆ: ಓಡಿಹೋದ ಗಂಡಂದಿರು, ಕಾಣೆಯಾದ ಅತ್ತೆಯರು. ಬೆರಳ ಗಿಣ್ಣು ಬಿಗಿದಾಗ ಡಾಕ್ಟರು, ಏನಾದರೂ ಮಾಡಿ ಬೆರಳು ಆಡಿಸುತ್ತಿರಿ ಎಂದರು. ಗಿಡ ಕತ್ತರಿಸಬಹುದಿತ್ತು, ಸ್ವೆಟರ್ ಹೆಣೆಯಬಹುದಿತ್ತು. ವಯಸ್ಸಿಗೆ ತಕ್ಕ ಬುದ್ಧಿ ಇರಬೇಕಲ್ಲ. ಹೋಗಿ ಯುಕುಲೇಲೆ ಕ್ಲಾಸಿಗೆ ಸೇರಿದೆ. ಅಲ್ಲಿ ಎಲ್ಲರಿಗೂ ನಾನು ಪೊಲೀಸಮ್ಮ.

ಆ ಕ್ಲಾಸಿನಲ್ಲಿ ಟೀಚರಿಗೆ ಒಂದು ಹಟ. ‘ಸಿ’ಯಿಂದ ಹೊರಟು ‘ಸಿ’ಗೇ ಮರಳುವ ಏಳು ಸ್ವರಗಳ ದಾರಿ ಎಲ್ಲರಿಗೂ ಗೊತ್ತು. ಅವೇ ಏಳು ಸ್ವರ ಇಟ್ಟುಕೊಂಡು, ಕಟ್ಟಕಡೆಯ ‘ಬಿ’ಯನ್ನೇ ಮನೆ ಎಂದು ಹೊರಟರೆ ಅದು ಲೋಕ್ರಿಯನ್. ಅದರಲ್ಲೇ ಒಂದು ಟ್ಯೂನು ಕಟ್ಟಿ ಮುಗಿಸಬೇಕೆಂಬುದು ಅವರ ಹಟ. ಹೇಳುವುದು ಸುಲಭ. ‘ಬಿ’ಯ ಮೇಲೆ ಕಟ್ಟಿದ ಕಾರ್ಡು, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು, ‘ಬಿ, ಡಿ, ಎಫ್’. ಅದರಲ್ಲಿ ‘ಬಿ’ಯಿಂದ ಐದನೆಯ ಸ್ವರವಾದ ‘ಎಫ್’ ಅರ್ಧ ಹೆಜ್ಜೆ ಕುಸಿದಿರುತ್ತದೆ. ಒಂದು ಕಾಲು ಗಿಡ್ಡವಾದ ಸ್ಟೂಲಿನ ಹಾಗೆ, ಅದರ ಮೇಲೆ ಕೂತವರಿಗೆ ನೆಮ್ಮದಿಯಿಲ್ಲ.

“ಕಿವಿಗೆ ತವರಿನ ಚಟ,” ಎನ್ನುತ್ತಿದ್ದರು ಟೀಚರ್. “ಸ್ವಲ್ಪ ಸಡಿಲ ಬಿಟ್ರೆ ಸಾಕು, ‘ಸಿ’ ಕಡೆಗೆ ಗಂಟುಮೂಟೆ ಕಟ್ಟುತ್ತೆ. ಅದಕ್ಕೇ ಈ ಟ್ಯೂನಲ್ಲಿ ಯಾರೂ ‘ಸಿ’ ಕಾರ್ಡು ಮುಟ್ಟಂಗಿಲ್ಲ.”

ನನಗೆ ಸರಿಯಾಗಿ ಬರುತ್ತಿದ್ದದ್ದು ಅದೊಂದೇ ಕಾರ್ಡು. ಒಂದು ಬೆರಳಿಟ್ಟರೆ ಆಯಿತು. ಅದಕ್ಕೇ ನಿಷೇಧ.

ಟ್ಯೂನಿಗೆ ಕೊನೆ ಇರಲಿಲ್ಲ. ‘ಸಿ’ಗೆ ಹೋಗದೆ ‘ಬಿ’ಯಲ್ಲೇ ನೆಮ್ಮದಿಯಾಗಿ ನಿಲ್ಲುವುದು ಹೇಗೆಂದು ಟೀಚರಿಗೂ ಸಿಕ್ಕಿರಲಿಲ್ಲ. ಮನೆ ಬಿಡುವ ಮುಂಚಿನ ದಿನ ಮೆಟ್ಟಿಲಲ್ಲಿ ಸಿಕ್ಕಾಗಲೂ, “ಇಲ್ಲ ಪೊಲೀಸಮ್ಮ, ಇನ್ನೂ ಸಿಕ್ಕಿಲ್ಲ,” ಎಂದು ತಲೆಯಾಡಿಸಿದ್ದರು.

ಹುಡುಗಿಯ ಕೋಣೆಯ ಗೋಡೆಯಲ್ಲಿ ಟೀಚರ್ ಬಿಟ್ಟುಹೋದ ಹಳೆಯ ಯುಕುಲೇಲೆ ತೂಗುತ್ತಿತ್ತು. ಇಳಿಸಿಕೊಂಡೆ. “ನಾಲ್ಕು, ಎರಡು, ಒಂದು, ಎರಡು,” ಎಂದು ಮಗ್ಗಿ ಹೇಳುತ್ತ ಬೆರಳಿಟ್ಟೆ. ಗದ್ದದ ಕಡೆಯ ತಂತಿಯಿಂದ ಶುರುಮಾಡಿ, ಯಾವ ತಂತಿಯನ್ನು ಎಷ್ಟನೆಯ ಮೆಟ್ಟಿನಲ್ಲಿ ಒತ್ತಬೇಕು ಎಂಬ ಲೆಕ್ಕ ಅದು. ಮೀಟಿದೆ. ಲೋಕ್ರಿಯನ್ನಿನ ಮನೆಯ ಕಾರ್ಡು ಬಂತು.

ಮೊಬೈಲಿನಲ್ಲಿಯೂ ಅದೇ ಕಾರ್ಡು ಬಂತು. ಆದರೆ ಎರಡೂ ಒಂದಕ್ಕೊಂದು ಹೊಂದಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಪ್ಪು ನನ್ನದೇ ಇರಬೇಕೆಂದು ಮತ್ತೆ ಮೀಟಿದೆ. ಮತ್ತೆ. ಬೆರಳು ಉರಿಯತೊಡಗಿದವು. ಆಗ ಹೊಳೆಯಿತು: ಮೊಬೈಲಿನ ಕಾರ್ಡಿಗೆ ತಳದಲ್ಲಿ ಒಂದು ಸ್ವರ ಇದೆ. ನನ್ನದಕ್ಕೆ ಇಲ್ಲ.

ಯುಕುಲೇಲೆಯ ಗದ್ದದ ಕಡೆಯ ತಂತಿ ನೋಡುವವರಿಗೆ ಮನೆಯ ಹಿರಿಯಣ್ಣನ ಹಾಗೆ ಕಾಣುತ್ತದೆ. ಟೀಚರ ವಾದ್ಯದಲ್ಲಿ ಅದು ತೆಳು ತಂತಿ, ಎತ್ತರದ ದನಿ. ಅದನ್ನು ನಾಲ್ಕನೆಯ ಮೆಟ್ಟಿನಲ್ಲಿ ಒತ್ತಿದರೆ ಬರುವ ‘ಬಿ’, ಆ ತುದಿಯ ತಂತಿ ಕೊಡುವ ‘ಬಿ’ಯ ಅವಳಿ. ಅವೆರಡರ ನಡುವೆ ಇರುವ ‘ಸಿ’ ತಂತಿಯೇ ಎಲ್ಲಕ್ಕಿಂತ ತಗ್ಗು. ಅದಕ್ಕಿಂತ ಕೆಳಗಿನ ಸ್ವರ ಆ ವಾದ್ಯದಲ್ಲಿ ಹುಟ್ಟುವುದೇ ಇಲ್ಲ.

‘ಸಿ’ ತಂತಿಯನ್ನು ಬಿಡಿಯಾಗಿ ಮೀಟಿ, ಮೊಬೈಲನ್ನು ಕಿವಿಗೆ ಒತ್ತಿಕೊಂಡೆ. ಮೊಬೈಲಿನ ತಳದ ಸ್ವರ ಅದಕ್ಕಿಂತ ಒಂದು ಅರ್ಧ ಹೆಜ್ಜೆ ಕೆಳಗಿತ್ತು. ಇಡೀ ವಾದ್ಯವನ್ನೇ ಇಳಿಸಿ ಶ್ರುತಿ ಮಾಡಿರಬಹುದೇ? ಗದ್ದದ ಕಡೆಯದನ್ನು ಬಿಟ್ಟು ಉಳಿದ ಮೂರು ತಂತಿಗಳ ಸ್ವರಗಳನ್ನು ಒಂದೊಂದಾಗಿ ಹೋಲಿಸಿದೆ. ಸರಿಯಾಗಿ ಹೊಂದಿದವು.

ಯಾರೋ ಗದ್ದದ ಕಡೆಗೆ ದಪ್ಪ ತಂತಿ ಕಟ್ಟಿ ಇದನ್ನು ನುಡಿಸಿದ್ದಾರೆ. ಟೀಚರ್ ಅಲ್ಲ. ದಪ್ಪ ತಂತಿ ಕಂಡರೆ ಅವರು ಉರಿದು ಬೀಳುತ್ತಿದ್ದರು. “ಇದು ತಳ ಇಲ್ಲದ ವಾದ್ಯ. ತಳ ಇದ್ರೆ ತಾನೆ ಮನೆ ಡೊಂಕು ಅಂತ ಗೊತ್ತಾಗೋದು?” ಎನ್ನುತ್ತಿದ್ದರು. ಅವರ ಇಡೀ ಹಟ ನಿಂತದ್ದೇ ಆ ಮಾತಿನ ಮೇಲೆ.

“ಏನಾಯ್ತು?” ಹುಡುಗಿ ಕೇಳಿದಳು.

“ಏನಿಲ್ಲ. ಬೆರಳು ನೋವು.”

“ಆಂಟಿ, ನಾನು ಕಟ್ಟುಹಲ್ಲು ಮಾಡೋಳು. ಯಾವುದು ಹುಟ್ಟಿದ್ದು, ಯಾವುದು ಕಟ್ಟಿದ್ದು ಅಂತ ಈ ಮಂಚದಿಂದಲೇ ಹೇಳ್ತೀನಿ. ನಿಮ್ಮ ಮುಖದ ಮೇಲಿರೋ ನಗು ಕಟ್ಟಿದ್ದು.”

ನನಗೆ ಸುಸ್ತಾಯಿತು. ಈ ಕೆಲಸದಲ್ಲಿ ಸುಳ್ಳು ಹೇಳುವವರ ನಡುವೆ ಬದುಕಿ ಅಭ್ಯಾಸವಿದೆ. ನಿಜ ಕೇಳುವವರ ಮುಂದೆ ಕೂರುವುದೇ ಕಷ್ಟ.

“ಅಮ್ಮ ಇದಾರೋ ಇಲ್ವೋ?” ಅವಳ ದನಿ ಸಣ್ಣಗಾಯಿತು. “ನಾನು ಹೋಗು ಅಂದಿದ್ದಕ್ಕೆ ಏನಾದ್ರೂ ಮಾಡ್ಕೊಂಡ್ರಾ? ಅಷ್ಟು ಮಾತ್ರ ಹೇಳಿ.”

“ಗೊತ್ತಾದ ತಕ್ಷಣ ಹೇಳ್ತೀನಿ. ಇವತ್ತೇ ಹೇಳ್ತೀನಿ. ಅಲ್ಲೀವರೆಗೂ ಮಂಚ ಇಳೀಬೇಡ.”

ಕ್ಲಾಸಿನಲ್ಲಿ ದಪ್ಪ ತಂತಿ ಕಟ್ಟಿದವನು ಒಬ್ಬನೇ ಇದ್ದ. ಕೂದಲಂಗಡಿಯವನು. ಮೂಲೆ ದಾಟಿದರೆ ಅವನ ಅಂಗಡಿ. ನಾನು ಹೋದಾಗ ಗಿರಾಕಿ ಇರಲಿಲ್ಲ. ಅವನು ತಿರುಗುವ ಕುರ್ಚಿಯಲ್ಲಿ ತಾನೇ ಕೂತು ಕನ್ನಡಿಯಲ್ಲಿ ತನ್ನ ಬೋಳುತಲೆಯನ್ನು ದುಃಖದಿಂದ ನೋಡಿಕೊಳ್ಳುತ್ತಿದ್ದ.

“ನಿನ್ನ ಯುಕುಲೇಲೆ ತೆಗಿ. ಟೀಚರ್ ಟ್ಯೂನ್ ನುಡಿಸು,” ಎಂದೆ.

“ಈಗಲಾ? ಪೊಲೀಸಮ್ಮ, ನನ್ ಮೇಲೆ ಏನಾದ್ರೂ ಅನುಮಾನನಾ?”

“ನುಡಿಸು, ಆಮೇಲೆ ಹೇಳ್ತೀನಿ.”

ನುಡಿಸಿದ. ಮೊದಲ ಕಾರ್ಡು ಸರಿ ಬಂತು. ಎರಡನೆಯದಕ್ಕೆ ಬೆರಳು ಸಾಗಿಸುವಷ್ಟರಲ್ಲಿ ಒಬ್ಬರ ಗಡ್ಡ ಬೋಳಿಸಿ ಮುಗಿಸಬಹುದಿತ್ತು. ಮೂರನೆಯದಕ್ಕೆ ಹೋಗುವಾಗ, “ಒಂದ್ನಿಮಿಷ, ಒಂದ್ನಿಮಿಷ,” ಎಂದು ಬಲಗೈಯಿಂದ ಎಡಗೈಯ ಬೆರಳನ್ನು ಎತ್ತಿ ಇಟ್ಟುಕೊಂಡ.

“ಸಾಕು. ನಿನ್ ಮೇಲೆ ಅನುಮಾನ ಇಲ್ಲ.”

“ಇದೆಂಥಾ ಮರ್ಯಾದೆ,” ಅವನು ಗೊಣಗಿದ. “ಟೀಚರೂ ಹೀಗೇನೇ. ಈ ದಪ್ಪ ತಂತಿ ನೋಡಿ ನನ್ನ ಜೊತೆ ಮಾತು ಬಿಟ್ಟಿದ್ರು.”

“ತಂತಿ ಎಲ್ಲಿಂದ ತಂದೆ?”

“ನಾನೆಲ್ಲಿ ತರ್ಲಿ? ಟೀಚರ್ ತಮ್ಮನೇ ಕೊಟ್ಟಿದ್ದು. ಒಂದು ತನಗೆ, ಒಂದು ನನಗೆ. ಕೆಳಗೊಂದು ಸ್ವರ ಇಲ್ದಿದ್ರೆ ಅದೆಂಥಾ ಸಂಗೀತ ಅಂತಿದ್ದ.”

ಟೀಚರ ತಮ್ಮ ಕೆಲಸ ಮಾಡುವ ಹೋಟೆಲಿನ ದೊಡ್ಡ ಹಾಲ್ ಮಧ್ಯಾಹ್ನದಲ್ಲಿ ಸೋತ ಮುಖ ಮಾಡಿಕೊಂಡಿರುತ್ತದೆ. ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿದ್ದವು. ಒಬ್ಬ ಹೆಂಗಸು ದೂರದ ಮೂಲೆಯಲ್ಲಿ ನೆಲ ಒರೆಸುತ್ತಿದ್ದಳು. ವೇದಿಕೆಯ ಮೇಲೆ ಟೀಚರ ತಮ್ಮ ವೈರುಗಳನ್ನು ಸುತ್ತುತ್ತ ಕೂತಿದ್ದ. ಹೋಟೆಲಿನ ಬ್ಯಾಂಡಿನಲ್ಲಿ ತಗ್ಗು ಸ್ವರದ ಬೇಸ್ ಗಿಟಾರ್ ನುಡಿಸುತ್ತಾನೆ. ಸೊಸೆಗೆ, ಸೊಸೆ ಎಂದರೆ ಅಕ್ಕನ ಮಗಳಿಗೆ, ಅವನು ಬೇಸ್ ಮಾಮ. ನಮಗೂ ಅದೇ ಹೆಸರು ರೂಢಿಯಾಗಿತ್ತು.

ನನ್ನನ್ನು ಕಂಡದ್ದೇ, “ಅಕ್ಕನ ವಿಷಯ ಏನಾದ್ರೂ ಗೊತ್ತಾಯ್ತಾ?” ಎಂದ.

“ನಿಂಗೇ ಗೊತ್ತಿರಬೇಕು ಅನ್ನಿಸ್ತು.”

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ಪಕ್ಕದಲ್ಲಿದ್ದ ಚಿಕ್ಕ ಕರಿ ಪೆಟ್ಟಿಗೆಯ ಮೇಲೆ ಹೋಯಿತು. ಬೇಸ್ ಗಿಟಾರಿನ ಪೆಟ್ಟಿಗೆ ಅಷ್ಟು ಚಿಕ್ಕದಿರುವುದಿಲ್ಲ.

“ತೆಗಿ,” ಎಂದೆ.

“ಏನು?”

“ಅದರಲ್ಲಿರೋ ಯುಕುಲೇಲೆ.”

ಅವನು ತೆಗೆಯಲಿಲ್ಲ. ನಾನೇ ಬಗ್ಗಿದೆ. ಸೊಂಟ ಚುರ್ರೆಂದಿತು. ಪೆಟ್ಟಿಗೆ ಬಿಚ್ಚಿ ಗದ್ದದ ಕಡೆಯ ತಂತಿ ಮೀಟಿದೆ. ದಪ್ಪ ತಂತಿ ಗುಂಯ್ ಎಂದಿತು.

“ಮಗಳಿಗೆ ಬಂದಿರೋ ಎರಡೂ ನೀನು ನುಡಿಸಿದ್ದು.”

“ಅದು ಅಕ್ಕ ನುಡಿಸಿದ್ದು.”

“ನಿಮ್ಮಕ್ಕ ‘ಸಿ’ ತಂತಿಗಿಂತ ಕೆಳಗೆ ಯಾವತ್ತಾದ್ರೂ ಇಳಿದಿದ್ದು ಕೇಳಿದೀಯಾ? ಆ ಟ್ಯೂನಲ್ಲಿ ನಾಲ್ಕು ಎರಡು ಒಂದು ಎರಡು ಬಂದಾಗಲೆಲ್ಲ ತಳದಲ್ಲಿ ಒಂದು ‘ಬಿ’ ಇದೆ. ಅವರ ವಾದ್ಯದಲ್ಲಿ ಆ ಸ್ವರವೇ ಇಲ್ಲ.”

ಅವನು ಸುತ್ತುತ್ತಿದ್ದ ವೈರು ಕೈಯಲ್ಲೇ ನಿಂತಿತು. ಅಲ್ಲಗಳೆಯಲಿಲ್ಲ. ಅವನ ಮುಖದಲ್ಲಿ ಕಂಡದ್ದು ಭಯಕ್ಕಿಂತ ಹೆಚ್ಚಾಗಿ ಪೇಚು, ತನ್ನ ಕಸುಬೇ ತನ್ನನ್ನು ಹಿಡಿದುಕೊಟ್ಟಿತಲ್ಲ ಎಂಬುದು.

“ತೆಳು ತಂತಿ ಕಟ್ಟೇ ಶುರು ಮಾಡಿದ್ದೆ,” ಎಂದ ಕೊನೆಗೆ. “ಆಗ್ಲಿಲ್ಲ ಮೇಡಂ. ಜೀವಮಾನ ಎಲ್ಲ ಹಾಡಿಗೆ ತಳ ಕೊಟ್ಟೋನು ನಾನು. ಆ ಕಾರ್ಡು ಗಾಳಿಲಿ ತೇಲ್ತಾ ಇದ್ರೆ ನನ್ನ ಹೊಟ್ಟೆ ತೊಳೆಸುತ್ತೆ. ಕೆಳಗೊಂದು ‘ಬಿ’ ಇಟ್ಟೆ. ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಪಾಪ, ಅವಳಿಗೆ ಸಂಗೀತ ಅಂದ್ರೆ ಆಗಲ್ಲ.”

“ಯಾಕೆ ಮಾಡಿದೆ?”

“ಅವಳು ಊಟ ಬಿಟ್ಟಿದ್ಲು.”

“ಅದು ನಂಗೂ ಗೊತ್ತು. ಅಕ್ಕ ಇವತ್ತಲ್ಲ ನಾಳೆ ಬರ್ತಾರೆ ಅಂತ ನಂಬಿದ್ರೆ ಬಾಯ್ಮಾತಲ್ಲೇ ಸಮಾಧಾನ ಹೇಳ್ತಿದ್ದೆ. ಯಾರೂ ಸುಳ್ಳು ಟ್ಯೂನ್ ಕಳಿಸಲ್ಲ. ಬರಲ್ಲ ಅಂತ ಖಾತ್ರಿ ಇರೋನು ಮಾತ್ರ ಕಳಿಸ್ತಾನೆ.”

ಅವನು ನನ್ನನ್ನೇ ನೋಡಿದ. ಕಣ್ಣ ಕೆಳಗಿನ ಚರ್ಮ ಜೋತುಬಿದ್ದಿತ್ತು. ಇಷ್ಟು ದಿನ ಇವನು ನಿದ್ದೆ ಮಾಡಿಲ್ಲ ಎಂಬುದು ನನಗೆ ಆಗಲೇ ಕಾಣಬೇಕಿತ್ತು.

“ಅಕ್ಕ ಹೋಗ್ಬಿಟ್ಲು ಮೇಡಂ,” ಎಂದ. “ಮನೆ ಬಿಟ್ಟ ಮಾರನೇ ದಿನವೇ. ಬೇರೆ ಊರಿನ ಪೊಲೀಸ್ ಸ್ಟೇಷನ್ನಿಂದ ನನಗೆ ಫೋನ್ ಬಂತು. ರೈಲು ಹಳಿ ಮೇಲೆ. ಕೈಚೀಲದಲ್ಲಿ ನನ್ನ ಹೋಟೆಲಿನ ವಿಸಿಟಿಂಗ್ ಕಾರ್ಡಿತ್ತಂತೆ.”

ನಾನು ವೇದಿಕೆಯ ಅಂಚಿನಲ್ಲಿ ಕೂತೆ. ಟೀಚರ್ ಮೆಟ್ಟಿಲ ಮೇಲೆ ನಿಂತು ತಲೆಯಾಡಿಸಿದ್ದು ಕಣ್ಣಿಗೆ ಬಂತು.

“ನೋಡಿದ್ಯಾ?”

“ಮುಖ ತೋರಿಸಲಿಲ್ಲ. ನೋಡಬೇಡಿ, ಉಳಿದಿಲ್ಲ ಅಂದ್ರು. ಕೋಟು ಅವಳದೇ, ಚೀಲ ಅವಳದೇ. ಆದ್ರೂ ನಾನು ಕೈ ತೋರಿಸಿ ಅಂದೆ, ಎಡಗೈ. ಬೆರಳ ತುದಿ ಮುಟ್ಟಿ ನೋಡಿದೆ. ನಾಲ್ಕೂ ಬೆರಳು ಗಟ್ಟಿ ಇತ್ತು, ತಂತಿ ಒತ್ತಿ ಒತ್ತಿ ಜಡ್ಡು ಕಟ್ಟಿದ ಹಾಗೆ. ನಮ್ಮವರ ಬೆರಳು ನಮಗೆ ಗೊತ್ತಾಗಲ್ವಾ? ಸಹಿ ಹಾಕಿದೆ.”

ಬೇರೆ ಯಾರಾಗಿದ್ದರೂ ಮಚ್ಚೆ ನೋಡುತ್ತಿದ್ದರು, ಹಲ್ಲು ನೋಡುತ್ತಿದ್ದರು. ಇವನು ಬೆರಳ ತುದಿ ನೋಡಿದ.

“ಅಲ್ಲಿನ ವಿದ್ಯುತ್ ಚಿತಾಗಾರದಲ್ಲೇ ಮುಗಿಸಿದೆ. ನಾನೊಬ್ಬನೇ.” ಅವನು ವೈರನ್ನು ಪಕ್ಕಕ್ಕಿಟ್ಟ. “ನೀವೇ ಹೇಳಿ, ಆ ಹುಡುಗಿಗೆ ಏನಂತ ಹೇಳಲಿ? ನೀನು ಎಲ್ಲಾದ್ರೂ ಹೋಗು ಅಂದೆ, ನಿಮ್ಮಮ್ಮ ಹೋಗಿ ಹಳಿ ಮೇಲೆ ಮಲಗಿದ್ಲು ಅಂತನಾ? ಹೊಟ್ಟೇಲಿ ಮಗು ಇದೆ. ಹೆರಿಗೆ ಆಗ್ಲಿ, ಆಮೇಲೆ ಕಾಲಿಗೆ ಬಿದ್ದು ಹೇಳೋಣ ಅಂದ್ಕೊಂಡೆ.”

“ಈ ಊರಿನ ಸ್ಟೇಷನ್ನಲ್ಲಿ ಕಾಣೆಯಾದ ದೂರು ಕೊಟ್ಟಿದ್ದೂ ನೀನೇ ಅಲ್ವಾ?”

“ಅವಳು ಕೊಡು ಕೊಡು ಅಂತ ಅಳ್ತಿದ್ಲು. ಕೊಟ್ಟೆ.”

ಒಂದು ಠಾಣೆಯ ಕಡತದಲ್ಲಿ ಸತ್ತವಳನ್ನು ಇನ್ನೊಂದು ಠಾಣೆ ಹುಡುಕುತ್ತಿತ್ತು. ಹುಡುಕುತ್ತಿತ್ತು ಅನ್ನುವುದೂ ದೊಡ್ಡ ಮಾತೇ. ನನಗೆ ಇವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನಗೆ ಬಂದದ್ದು ಬರೀ ಆಯಾಸ. ಈಗ ಎದ್ದು ಆ ಮಂಚದ ಹತ್ತಿರ ಹೋಗಿ ಹೇಳಬೇಕಾದವಳು ನಾನು. ಇವತ್ತೇ ಹೇಳುತ್ತೇನೆಂದು ಮಾತು ಬೇರೆ ಕೊಟ್ಟಿದ್ದೆ.

ಏಳಲು ವೇದಿಕೆಯ ಅಂಚು ಹಿಡಿದೆ. ಆಗ ಫೋನು ಬಡಿದುಕೊಂಡಿತು. ಹುಡು­ಗಿಯದೇ.

“ಆಂಟಿ,” ಅವಳಿಗೆ ಉಸಿರು ಸಾಲುತ್ತಿರಲಿಲ್ಲ. “ಇನ್ನೊಂದು ಬಂತು. ಈಗಷ್ಟೇ. ಬೇರೆ ನಂಬರು. ನಿಮಗೆ ಕಳಿಸಿದೀನಿ, ಕೇಳಿ, ಈಗಲೇ ಕೇಳಿ.”

ಕೇಳಿ ಮತ್ತೆ ಮಾಡುತ್ತೇನೆಂದು ಫೋನು ಇಟ್ಟು, ಬೇಸ್ ಮಾಮನ ಕಡೆ ತಿರುಗಿದೆ. “ನೀನು ಇನ್ನೊಂದು ಕಳಿಸಿದ್ಯಾ?”

“ಇಲ್ಲ. ಎರಡೇ.”

“ಸುಳ್ಳು ಹೇಳಬೇಡ, ನಂಗೆ ಸುಸ್ತಾಗಿದೆ.”

“ಅಕ್ಕನ ಆಣೆ ಮೇಡಂ. ಎರಡೇ.”

ಬಂದದ್ದನ್ನು ತೆರೆದೆ. ಅವನು ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ತನ್ನ ಬೇಸಿನ ದೊಡ್ಡ ಸ್ಪೀಕರಿಗೆ ಜೋಡಿಸಿದ. ಇರುವೆ ನಡೆದರೂ ಗುಡುಗಿಸುವ ಸ್ಪೀಕರು ಅದು. ತಳದಲ್ಲಿ ಏನಾದರೂ ಇದ್ದರೆ ನೆಲ ನಡುಗಬೇಕು.

ಹಾಲ್ ತುಂಬ ಯುಕುಲೇಲೆ ಕೇಳಿಸಿತು. ನೆಲ ನಡುಗಲಿಲ್ಲ.

ನಾಲ್ಕು, ಎರಡು, ಒಂದು, ಎರಡು. ಎರಡು ಅಂಚಿನ ತಂತಿಗಳೂ ಒಂದೇ ಎತ್ತರದ ‘ಬಿ’ ನುಡಿದವು, ಅವಳಿ ಮಕ್ಕಳು ಒಟ್ಟಿಗೆ ಕೂಗಿದ ಹಾಗೆ. ಕೆಳಗೆ ಬರೀ ಗಾಳಿ.

ಬೇಸ್ ಮಾಮ ಸ್ಪೀಕರಿನ ಮೇಲೆ ಅಂಗೈ ಊರಿ ನಿಂತ. “ತಳ ಇಲ್ಲ,” ಎಂದ. “ತಳವೇ ಇಲ್ಲ.”

“ಹಳೇದಿರಬಹುದು. ಯಾರೋ ಕ್ಲಾಸಲ್ಲಿ ಹಿಡಿದಿಟ್ಟಿದ್ದು ಈಗ ಕಳಿಸಿರಬಹುದು,” ಎಂದೆ. ಹೇಳುತ್ತಿದ್ದುದನ್ನು ನಾನೇ ನಂಬಬೇಕೆಂದು ಪ್ರಯತ್ನಿಸುತ್ತಿದ್ದೆ.

ಟ್ಯೂನು ಎಂದಿನ ಹಾಗೆ ಹತ್ತಿತು, ಇಳಿಯಿತು, ಎಂದೂ ನಿಲ್ಲುವ ಜಾಗಕ್ಕೆ ಬಂತು. ಅಲ್ಲಿ ನಿಲ್ಲಲಿಲ್ಲ.

ಮುಂದೆ ಹೋಯಿತು. ತುದಿಯ ತಂತಿಯ ‘ಬಿ’ಯಿಂದ ಬೆರಳು ಏಳಲೇ ಇಲ್ಲ. ಅದು ಮೇಲೆ ಹಾಗೇ ಮೊಳಗುತ್ತಿತ್ತು, ಕೆಳಗಿನ ಕಾರ್ಡುಗಳು ಮಾತ್ರ ಬದಲಾಗುತ್ತ ಹೋದವು. ಮೊದಲು ‘ಜಿ’. ಆಮೇಲೆ ‘ಇ ಮೈನರ್’. ಆಮೇಲೆ, ನಾವು ಯಾರೂ ಮುಟ್ಟಬಾರದೆಂದಿದ್ದ ‘ಸಿ’. ನನ್ನ ಕಿವಿ ತವರಿಗೆ ಹೊರಟೇಬಿಟ್ಟಿತು. ಆದರೆ ‘ಸಿ’ಯ ನೆತ್ತಿಯ ಮೇಲೂ ಅದೇ ‘ಬಿ’ ನಿಂತಿತ್ತು, ಇಲ್ಲಿ ಕೂರಬೇಡ, ಇದು ದಾರಿಯಲ್ಲಿ ಸಿಗುವ ಮನೆ ಅಷ್ಟೆ ಎನ್ನುವಂತೆ. ಮತ್ತೆ ನಾಲ್ಕು, ಎರಡು, ಒಂದು, ಎರಡು. ಮುಗಿಯಿತು.

ನಿಜವಾಗಿ ಮುಗಿಯಿತು. ಆ ಕುಂಟು ಕಾರ್ಡಿನ ಮೇಲೆ ಕೂತು ಉಸಿರು ಬಿಡಬಹುದಿತ್ತು. ನೆಲ ಒರೆಸುತ್ತಿದ್ದ ಹೆಂಗಸು ಕೂಡ ಕೋಲಿಗೆ ಗದ್ದ ಊರಿ ಸುಮ್ಮನೆ ನಿಂತಿದ್ದಳು.

“ತಳ ಬೇಡ,” ಬೇಸ್ ಮಾಮ ತನಗೆ ತಾನೇ ಹೇಳಿಕೊಂಡ. “ಸೂರು ಹಿಡ್ಕೊಂಡಿದಾಳೆ. ಮೇಲಿಂದ ಹಿಡ್ಕೊಂಡಿದಾಳೆ. ನಂಗೆ ಸಾಯೋವರೆಗೂ ಹೊಳೀತಿರಲಿಲ್ಲ ಇದು.”

“ಮನೆ ಬಿಡೋ ಹಿಂದಿನ ದಿನ ನನ್ನ ಹತ್ರ, ಕೊನೆ ಸಿಕ್ಕಿಲ್ಲ ಅಂದಿದ್ರು.”

“ನನ್ನ ಹತ್ರಾನೂ.”

“ಮಾರನೇ ದಿನ ನೀನು ಸಹಿ ಹಾಕಿದೆ.”

ಕೊನೆ ಸಿಕ್ಕಿದ್ದು ಆಮೇಲೆ. ಸತ್ತವರು ಟ್ಯೂನು ಮುಗಿಸುವುದಿಲ್ಲ.

ಮೊಬೈಲನ್ನು ಸ್ಪೀಕರಿನಿಂದ ಬಿಡಿಸಿ ಹುಡುಗಿಗೆ ಫೋನು ಮಾಡಿದೆ. “ಆಂಟಿ? ಇದಾದ್ರೂ ಅಮ್ಮಂದೇನಾ? ನಂಗೇನೂ ತಿಳಿಯಲ್ಲ ಸಂಗೀತ, ಆದ್ರೆ ಇದು ಮುಗೀತು ಅಲ್ವಾ? ಮೊದಲ್ನೇ ಸಲ ಮುಗೀತು. ನಾನು ಬೈದಿದ್ದಕ್ಕೇ ಮುಗಿಸಿ ಕಳಿಸಿದಾರೆ.”

“ಹೌದಮ್ಮ,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. “ಇದು ನಿಮ್ಮಮ್ಮಂದೇ. ಬದುಕಿದಾರೆ.”

ಆ ಕಡೆಯಿಂದ ಅಳು ಬಂತು, ನಗು ಬಂತು. ನಾನು ಫೋನನ್ನು ಬೇಸ್ ಮಾಮನ ಕೈಗೆ ಕೊಟ್ಟೆ. ಅವನು “ಪುಟ್ಟಿ, ಪುಟ್ಟಿ,” ಎಂದಷ್ಟೇ ಅನ್ನುತ್ತಿದ್ದ. “ಮಾಮ, ಒಳ್ಳೆ ಸುದ್ದಿಗೆ ಯಾಕೆ ಹೀಗೆ ಅಳ್ತೀಯ?” ಎಂದು ಅವಳು ಗದರಿಸುವುದು ನನಗೂ ಕೇಳಿಸಿತು.

ಹೊರಗೆ ಹೋಗಿ ಒಂದು ಲೋಟ ನೀರು ಕುಡಿದು ಸುಮ್ಮನೆ ಮನೆಗೆ ಹೋಗೋಣ ಅನ್ನಿಸಿತು. ಇಷ್ಟು ವರ್ಷಗಳಲ್ಲಿ ಹೀಗೆ ಒಳ್ಳೆಯ ಸುದ್ದಿ ಕೊಟ್ಟ ದಿನಗಳು ಕಡಿಮೆ. ಆದರೆ ಪೊಲೀಸ್ ಬುದ್ಧಿ ನಾಯಿಬಾಲ. ಹಾಗಾದರೆ ಚಿತಾಗಾರದೊಳಗೆ ಹೋದ ಆ ಗಟ್ಟಿ ಬೆರಳಿನ ಹೆಂಗಸು ಯಾರು? ಅವಳ ಮೈಮೇಲೆ ಟೀಚರ ಕೋಟು ಬಂದದ್ದು ಹೇಗೆ? ಚಳಿಯಲ್ಲಿ ನಡುಗುವವಳಿಗೆ ಕೊಟ್ಟಿರಬಹುದು. ಟೀಚರ್ ಅಂಥವರೇ. ಕೊಟ್ಟಿರಬಹುದು.

ಅವನು ಫೋನು ಇಟ್ಟ ಮೇಲೆ ಕೇಳಿದೆ. “ಆ ಕೋಟು ಏನು ಮಾಡಿದೆ?”

“ಇಟ್ಕೊಂಡಿದೀನಿ. ಬಿಸಾಡೋಕೆ ಮನಸ್ಸು ಬರ್ಲಿಲ್ಲ.” ವೇದಿಕೆಯ ಹಿಂದಿನ ಕಪಾಟಿಗೆ ಹೋಗಿ ಒಂದು ಗಂಟು ತಂದ. “ಅಲ್ಲಿ ಕೊಟ್ಟ ಹಾಗೇ ಇದೆ. ಬಿಚ್ಚೇ ಇಲ್ಲ.”

ಬಿಚ್ಚಿ ಮೇಜಿನ ಮೇಲೆ ಹರಡಿದೆ. ಹಸಿರು ಕೋಟು. ಕಾಲರಿನಿಂದ ಕೆಳಗಿನವರೆಗೆ ಒಂದು ಗುಂಡಿಯೂ ಕಿತ್ತಿರಲಿಲ್ಲ. ತೋಳು ಹರಿದಿರಲಿಲ್ಲ. ಹೊರಬಟ್ಟೆ ಇಸ್ತ್ರಿ ಕಾಣದಿದ್ದರೂ ಚೊಕ್ಕಟವಾಗಿತ್ತು. ಮುಖ ಉಳಿಸದ ರೈಲು ಈ ಬಟ್ಟೆಯ ಒಂದು ನೂಲನ್ನೂ ಎಳೆದಿರಲಿಲ್ಲ.

ಕೋಟನ್ನು ಒಳಮೈ ಮೇಲಾಗಿ ತಿರುಗಿಸಿದೆ. ಅಸ್ತರಿ ಬೆನ್ನಿನುದ್ದಕ್ಕೂ ಕಂದುಗಟ್ಟಿ ಹಲಗೆಯಾಗಿತ್ತು.

“ಇದೇನು ಮೇಡಂ?” ಬೇಸ್ ಮಾಮ ಕೇಳಿದ.

ರಕ್ತ ಒಳಗಿನಿಂದ ಹತ್ತಿತ್ತು. ಆ ಹೆಂಗಸು ಸತ್ತ ಮೇಲೆ ಯಾರೋ ಅವಳಿಗೆ ಈ ಕೋಟು ತೊಡಿಸಿ, ಗುಂಡಿ ಹಾಕಿ, ಕೈಚೀಲ ಪಕ್ಕಕ್ಕಿಟ್ಟು ಹೋಗಿದ್ದರು. ಮನೆ ಬಿಡುವಾಗ ಆ ಕೋಟು ಇದ್ದದ್ದು ಒಬ್ಬರ ಮೈಮೇಲೆ ಮಾತ್ರ.

ಫೋನು ಮತ್ತೆ ಬಡಿದುಕೊಂಡಿತು. “ಆಂಟಿ, ಕೇಳೋದು ಮರೆತೆ,” ಎಂದಳು ಹುಡುಗಿ. ಅವಳು ಏನೋ ತಿನ್ನುತ್ತ ಮಾತಾಡುತ್ತಿದ್ದಳು. “ಅಮ್ಮನ್ನ ಯಾವಾಗ ಕರ್ಕೊಂಡು ಬರ್ತೀರಿ?”